ಬರೆದ ಮರುದಿನವೂ ಅದೇ ಬೀದೀಲಿ ಓಡಾಡ್ಬೇಕು: ಜಿಲ್ಲಾ ಪೇಪರಲ್ಲಿ ಹಾಸ್ಯದ ಕಾಲಂ ಬರೆದ ನನ್ನ ಅನುಭವ

ಜಿಲ್ಲಾ ಪೇಪರಲ್ಲಿ ಹಾಸ್ಯದ ಕಾಲಂ ಬರೆಯೋನಿಗೆ ತನ್ನ ಓದುಗ ಯಾರು ಅಂತ ಕಲ್ಪನೆ ಮಾಡ್ಕೊಳ್ಳೋ ಕಷ್ಟ ಇಲ್ಲ. ಬೆಂಗಳೂರಿನ ದೊಡ್ಡ ಪೇಪರಲ್ಲಿ ಮಂತ್ರಿ ಮೇಲೆ ಬರೆದ್ರೆ ಆ ಮಂತ್ರಿ ನಿಮ್ಮ ಕೈಗೆ ಸಿಗೋದೇ ಇಲ್ಲ. ಇಲ್ಲಿ ನಗರಸಭೆ ಸದಸ್ಯರ ಮೇಲೆ ಒಂದು ಸಾಲು ಬರೆದ್ರೆ ಮಾರನೇ ದಿನ ಕಟಿಂಗ್ ಶಾಪಲ್ಲಿ ಅವರೇ ಪಕ್ಕದ ಕುರ್ಚೀಲಿ ಕೂತಿರ್ತಾರೆ, ಮುಖಕ್ಕೆ ನೊರೆ ಹಚ್ಚಿರೋದ್ರಿಂದ ಸದ್ಯಕ್ಕೆ ಮಾತಾಡಲ್ಲ ಅಷ್ಟೇ. ಆದ್ರಿಂದ ಯಾರಾದ್ರೂ ಹುಡುಗ್ರು ಬಂದು ಸಾರ್ ಹಾಸ್ಯ ಬರೆಯೋದು ಹೇಗೆ ಅಂತ ಕೇಳಿದ್ರೆ ನಾನು ಹೇಳೋದು, ಬರೆಯೋದು ಆಮೇಲೆ ನೋಡೋಣ, ಮೊದಲು ಬರೆದ ಮೇಲೆ ಓಡಾಡೋದು ಹೇಗೆ ಅಂತ ಕಲೀರಿ ಅಂತ. ತಮಾಷೆಗೆ ಹೇಳ್ತಿಲ್ಲ, ನನ್ನ ಬರವಣಿಗೆಯ ಅಷ್ಟೂ ಪಟ್ಟುಗಳು ಹುಟ್ಟಿದ್ದು ಆ ಮರುದಿನದ ಭಯದಿಂದಲೇ.

ಮೊದಲು ಪೇಪರಿನ ಬಗ್ಗೆ ಹೇಳ್ಬಿಡ್ತೀನಿ. ನಾಲ್ಕು ಪುಟ, ಕೆಳಗಡೆ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಕಾಯ್ದೆ ಪ್ರಕಾರ ಹಾಕಬೇಕಲ್ಲ, ಆ ಮೂರೂ ಜಾಗದಲ್ಲಿ ಒಂದೇ ಹೆಸರು, ಅವರೇ ಜಾಹೀರಾತಿನ ದುಡ್ಡು ವಸೂಲಿಗೂ ಹೋಗೋದು. ನಾನು ಅಲ್ಲಿ ಉಪಸಂಪಾದಕ ಅಂತ ಸೇರಿದ್ದು. ಉಪಸಂಪಾದಕ ಅಂದ್ರೆ ತಾಲ್ಲೂಕು ವರದಿಗಾರರು ಕಳಿಸಿದ್ದನ್ನ ತಿದ್ದೋದು, ನಿಧನ ವಾರ್ತೆ ಬರೆಯೋದು, ಪ್ರೂಫ್ ನೋಡೋದು, ಪೇಪರ್ ಬಂದಿಲ್ಲ ಅಂತ ಫೋನ್ ಮಾಡಿದೋರ ಹತ್ರ ಬೈಸ್ಕೊಳ್ಳೋದು. ಹಾಸ್ಯದ ಕಾಲಂ ವಾರಕ್ಕೊಂದು, ಶುಕ್ರವಾರ ಒಪ್ಪಿಸ್ಬೇಕು, ಭಾನುವಾರ ಎರಡನೇ ಪುಟದಲ್ಲಿ ಬರುತ್ತೆ. ನಿಧನ ವಾರ್ತೆ ಬರೆದ ಕೈಯಲ್ಲೇ ಹಾಸ್ಯ ಬರೀತೀರಲ್ಲ ಹೇಗೆ ಅಂತ ಕೇಳ್ತಾರೆ, ನಿಜ ಹೇಳ್ಬೇಕು ಅಂದ್ರೆ ನಿಧನ ವಾರ್ತೆಯಷ್ಟು ಒಳ್ಳೇ ಟ್ರೇನಿಂಗ್ ಬೇರೆ ಇಲ್ಲ, ಮೂರು ಸಾಲಲ್ಲಿ ಒಬ್ಬ ಮನುಷ್ಯನ್ನ ಹೇಳಿ ಮುಗಿಸ್ಬೇಕು, ಹೆಸರು ತಪ್ಪಬಾರ್ದು, ಮನೆಯವರು ಬೇಜಾರು ಮಾಡ್ಕೋಬಾರ್ದು.

ಹಾಸ್ಯ ಬರೆಯೋರಿಗೆ ಇನ್ನೊಂದು ಕೆಲ್ಸ ಇರೋದು ಹೊಸ ವಿಷಯ ಏನಲ್ಲ. ಕನ್ನಡದ ಹಾಸ್ಯಕ್ಕೇ ಅಂತ ನಡೆದ ಕೊರವಂಜಿ ಪತ್ರಿಕೇನ 1942ರಲ್ಲಿ ಶುರು ಮಾಡಿದ ರಾಶಿಯವರು, ಅಂದ್ರೆ ಡಾ. ಎಂ. ಶಿವರಾಂ, ಡಾಕ್ಟ್ರು. ಅದರಲ್ಲಿ ಬರೀತಿದ್ದ ನಾ. ಕಸ್ತೂರಿಯವರು ಕಾಲೇಜ್ ಮೇಷ್ಟ್ರು. ಆರ್.ಕೆ. ಲಕ್ಷ್ಮಣ್ ಓದೋ ವಯಸ್ಸಲ್ಲಿ ಅದಕ್ಕೆ ಚಿತ್ರ ಬರೆದುಕೊಡ್ತಿದ್ರು. ಬರೀ ಹಾಸ್ಯ ನಂಬ್ಕೊಂಡು ಆ ಪತ್ರಿಕೆ 1967ರವರೆಗೆ ನಡೀತು ಅನ್ನೋದನ್ನ ನೆನೆಸ್ಕೊಂಡ್ರೆ ನಂಗೆ ಈಗಲೂ ಆಶ್ಚರ್ಯ ಆಗುತ್ತೆ, ನಮ್ಮ ಪೇಪರಲ್ಲಿ ಒಂದು ಕಾಲಂ ಉಳಿಸ್ಕೊಳ್ಳೋದೇ ಇಷ್ಟು ಕಷ್ಟ. ಅಮೆರಿಕಾದಲ್ಲಿ ಬಿಲ್ ನೈ ಅಂತ ಒಬ್ಬ ಹಾಸ್ಯ ಬರೆಯೋನು ಇದ್ದ, ವಯೋಮಿಂಗ್‌ನ ಲಾರಮಿ ಅನ್ನೋ ಸಣ್ಣ ಊರಲ್ಲಿ 1881ರಲ್ಲಿ ಒಂದು ಪೇಪರ್ ಶುರು ಮಾಡಿ ಅದಕ್ಕೆ ಬೂಮರಾಂಗ್ ಅಂತ ಹೆಸರಿಟ್ಟ, ಅದು ಅವನ ಹೇಸರಗತ್ತೆಯ ಹೆಸರು. ಪೇಪರ್ ಆಫೀಸು ಇದ್ದಿದ್ದು ಕುದುರೆ ಲಾಯದ ಮೇಲಿನ ಅಂತಸ್ತಲ್ಲಿ. ಅವನು ಆ ಊರಿನ ಪೋಸ್ಟ್ ಮಾಸ್ಟರೂ ಆಗಿದ್ದ. ಬರಹದಲ್ಲಿ ಬೈಸ್ಕೊಂಡೋರೇ ಪೋಸ್ಟಾಫೀಸಿಗೆ ಕಾಗದ ಕೇಳ್ಕೊಂಡು ಬರಬೇಕಾಗಿತ್ತು ಅಂದ್ರೆ ಅವನ ಧೈರ್ಯ ನಂಗಿಂತ ಜಾಸ್ತೀನೇ.

ಸಾಮಗ್ರಿ ಎಲ್ಲಿಂದ ಬರುತ್ತೆ ಅಂತ ಎಲ್ರೂ ಕೇಳ್ತಾರೆ. ಅದಕ್ಕೆ ಆಫೀಸಿಂದ ಹೊರಗೆ ಹೋಗೋದೇ ಬೇಡ. ದಿನಾ ಬರೋ ಪತ್ರಿಕಾ ಪ್ರಕಟಣೆಗಳ ಕಟ್ಟು ಇದೆಯಲ್ಲ, ಅದನ್ನ ನಾನು ಎರಡು ಸಲ ಓದ್ತೀನಿ, ಒಂದ್ಸಲ ಸುದ್ದಿಗೆ, ಇನ್ನೊಂದ್ಸಲ ಕಾಲಮ್ಮಿಗೆ. ಉದಾಹರಣೆಗೆ ಕರೆಂಟಿನ ಪ್ರಕಟಣೆ. ತುರ್ತು ಕಾಮಗಾರಿ ಇರೋದ್ರಿಂದ ನಾಡಿದ್ದು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು ಅಂತ ಇರುತ್ತೆ. ನಾಡಿದ್ದು ಮಾಡೋದು ಅದು ಯಾವ ತುರ್ತು? ಆಮೇಲೆ ಸಹಕರಿಸೋದು ಅಂದ್ರೇನು? ಸಹಕರಿಸದೇ ಇದ್ರೆ ಏನ್ ಮಾಡ್ತಾರೆ, ಕರೆಂಟ್ ತೆಗೀತಾರಾ? ಅಲ್ಲಿಗೆ ಅರ್ಧ ಕಾಲಂ ಆಯ್ತು ನೋಡಿ, ನಾನು ಸೇರಿಸಿದ್ದು ಬರೀ ಪ್ರಶ್ನಾರ್ಥಕ ಚಿಹ್ನೆ. ಸಮಾರಂಭದ ವರದಿಗಳೂ ಹಾಗೇ, ವೇದಿಕೆ ಮೇಲೆ ಉಪಸ್ಥಿತರಿದ್ದವರ ಹೆಸರು ಇಪ್ಪತ್ತೈದು, ಕೆಳಗೆ ಕೂತೋರ ಬಗ್ಗೆ ಮುಂತಾದವರು ಅಂತ ಒಂದೇ ಪದ. ಆ ಮುಂತಾದವರ ಕಡೆಯಿಂದ ಬರೆದ ಬಹಿರಂಗ ಪತ್ರ ನನ್ನ ಕಾಲಮ್ಮುಗಳಲ್ಲಿ ಜನ ತುಂಬಾ ದಿನ ನೆನಪಿಟ್ಕೊಂಡಿದ್ದು. ಟೆಂಡರ್ ನೋಟೀಸು, ಕಳೆದುಹೋದ ರಬ್ಬರ್ ಸ್ಟ್ಯಾಂಪಿನ ಜಾಹೀರಾತು, ಹೆಸರು ಬದಲಾವಣೆಯ ಅಫಿಡವಿಟ್ಟು, ಇವೆಲ್ಲಾ ಹಾಸ್ಯ ಅಂತ ಬರೆದಿರೋದಲ್ಲ, ಆದ್ರೆ ನಿಧಾನಕ್ಕೆ ಜೋರಾಗಿ ಓದಿದ್ರೆ ಸಾಕು. ಕಥೆ ಕಟ್ಟೋಕೆ ಹೋಗ್ಬೇಡಿ, ಇರೋದನ್ನೇ ಗಂಭೀರವಾಗಿ ತಗೊಳ್ಳಿ, ಅದರ ತರ್ಕಾನ ಇನ್ನೆರಡು ಹೆಜ್ಜೆ ಮುಂದಕ್ಕೆ ತಳ್ಳಿ.

ಈಗ ಅಸಲು ವಿಷಯ, ಯಾರ ಮೇಲೆ ಬರೆಯೋದು. ನಾನು ಶುರು ಮಾಡಿದಾಗಲೇ ಇಬ್ಬರು ಪಾತ್ರಗಳನ್ನ ಇಟ್ಕೊಂಡೆ, ಒಬ್ರು ರಿಟೈರ್ಡ್ ಮೇಷ್ಟ್ರು, ಇನ್ನೊಬ್ರು ಚಿಕ್ಕಮ್ಮ. ಇಬ್ಬರಿಗೂ ಹೆಸರಿಲ್ಲ, ಬೇಕಂತಲೇ ಇಟ್ಟಿಲ್ಲ, ಸಣ್ಣ ಊರಲ್ಲಿ ಯಾವ ಹೆಸರಿಟ್ರೂ ಆ ಹೆಸರಿನ ರಿಟೈರ್ಡ್ ಮೇಷ್ಟ್ರು ಒಬ್ರು ಇದ್ದೇ ಇರ್ತಾರೆ. ಮೇಷ್ಟ್ರು ಸರ್ಕಾರಿ ಭಾಷೇಲಿ ಸಮರ್ಥನೆ ಮಾಡ್ಕೋತಾರೆ, ಚಿಕ್ಕಮ್ಮ ಮನೆ ಭಾಷೇಲಿ ಪ್ರಶ್ನೆ ಕೇಳ್ತಾರೆ. ನಲ್ಲಿ ನೀರು ವಾರಕ್ಕೊಂದ್ಸಲ ಬರೋದಕ್ಕೆ ತಾಂತ್ರಿಕ ಕಾರಣ ಇದೆ ಕಣಮ್ಮಾ ಅಂತ ಮೇಷ್ಟ್ರು ಅಂದ್ರೆ, ನೀರಿನ ಬಿಲ್ಲು ಮಾತ್ರ ತಿಂಗಳ ತಿಂಗಳಾ ತಪ್ಪದೆ ಬರುತ್ತಲ್ಲ, ಅದು ಬರೋ ಪೈಪಲ್ಲೇ ನೀರೂ ಬಿಡಬಾರ್ದಾ ಅಂತ ಚಿಕ್ಕಮ್ಮ. ಇಲ್ಲಿ ನಗರಸಭೆ ಅಧ್ಯಕ್ಷರ ಹೆಸರು ಬರಲ್ಲ, ಇಂಜಿನಿಯರ್ ಹೆಸರು ಬರಲ್ಲ, ಆದ್ರೆ ಹೇಳ್ಬೇಕಾದ್ದು ಹೇಳಿ ಆಯ್ತು. ಬೀಚಿಯವರ ತಿಂಮನ್ನ ಓದ್ಕೊಂಡು ಬೆಳೆದವರಿಗೆ ಇದೇನು ಹೊಸ ಉಪಾಯ ಅಲ್ಲ, ಒಂದು ಪಾತ್ರ ಕೈಲಿದ್ರೆ ಲೇಖಕ ಹೇಳೋಕಾಗದ್ದನ್ನ ಅದು ಹೇಳುತ್ತೆ, ಬೈಗುಳಾನೂ ಅದೇ ತಿನ್ನುತ್ತೆ.

ನಿಜವಾದ ಮನುಷ್ಯನಿಂದ ಏನಾದ್ರೂ ತಗೋಬೇಕು ಅಂದ್ರೆ ಮೂರು ಜನರನ್ನ ಕಲಸಿ ಒಬ್ಬನ್ನ ಮಾಡ್ತೀನಿ. ಒಬ್ಬರ ಸ್ಕೂಟರ್ರು, ಇನ್ನೊಬ್ಬರ ಮಾತಿನ ಶೈಲಿ, ಮತ್ತೊಬ್ಬರ ಜಿಪುಣತನ. ಹೀಗೆ ಮಾಡಿದ್ರೆ ಯಾರಿಗೂ ತಾನು ಅಂತ ಅನ್ಸಲ್ಲ ಅಂದ್ಕೊಂಡಿದ್ದೆ, ಆಗೋದೇ ಬೇರೆ, ಈ ಮೂರೂ ಜನಕ್ಕೆ ಅದು ತಾವಲ್ಲ ಅಂತ ಗ್ಯಾರಂಟಿ ಇರುತ್ತೆ, ನಾನು ನೋಡೇ ಇರದ ನಾಲ್ಕನೆಯವರು ಬಂದು ನನ್ನ ಬಗ್ಗೆ ಬರೆದಿದ್ದೀರಲ್ಲ ಅಂತಾರೆ. ಅವರಿಗೆ ನಾನು ಇಲ್ಲ ಅಂತ ವಾದ ಮಾಡಲ್ಲ, ಹೌದು ಅಂತಾನೂ ಹೇಳಲ್ಲ, ಹೌದಾ ನಿಮ್ಮನೇಲೂ ಹಂಗೇ ನಡೆಯುತ್ತಾ ಅಂತ ಕೇಳ್ತೀನಿ, ಮುಂದಿನ ವಾರದ ಕಾಲಮ್ಮಿಗೆ ಅವರೇ ಸಾಮಗ್ರಿ ಕೊಟ್ಟು ಹೋಗ್ತಾರೆ. ಇದಕ್ಕಿಂತ ಕಷ್ಟದ ಗಿರಾಕಿ ಇನ್ನೊಂದು ಇದೆ, ನಮ್ಮ ಬಗ್ಗೆ ಯಾಕೆ ಬರೀತಿಲ್ಲ ಅಂತ ಮುನಿಸ್ಕೊಳ್ಳೋರು. ಎರಡು ಸಲ ಸೋತ ಅಭ್ಯರ್ಥಿಯೊಬ್ರು ನಾನು ಎದುರಾಳಿ ಪಕ್ಷದವರನ್ನ ಮಾತ್ರ ಗೇಲಿ ಮಾಡ್ತೀನಿ ಅಂತ ಸಂಪಾದಕರಿಗೆ ದೂರು ಕೊಟ್ರು, ವಿಚಾರಿಸಿದ್ರೆ ದೂರು ಗೇಲಿಯ ಬಗ್ಗೆ ಅಲ್ಲ, ಪ್ರಚಾರದ ಬಗ್ಗೆ.

ಮತ್ತೆ ಯಾರೂ ಸಿಗಲಿಲ್ಲ ಅಂದ್ರೆ ನಾನಿದ್ದೀನಲ್ಲ. ನನ್ನ ಹೊಟ್ಟೆ, ನನ್ನ ಮರೆವು, ನನ್ನ ಮೊಬೈಲ್ ಜ್ಞಾನ, ಇವುಗಳ ಮೇಲೆ ಎಷ್ಟು ಬರೆದ್ರೂ ನೋಟೀಸ್ ಬರಲ್ಲ. ಹೆಂಡತಿ ಜೋಕು ಮಾತ್ರ ಬರೆಯಲ್ಲ. ಗಂಡ ಅಡುಗೆ ಬಗ್ಗೆ ಮಾತಾಡಿ ಲಟ್ಟಣಿಗೇಲಿ ಏಟು ತಿನ್ನೋ ಜೋಕುಗಳಿಗೆ ಹಾಸ್ಯಸಂಜೆಗಳಲ್ಲಿ ಈಗಲೂ ಚಪ್ಪಾಳೆ ಬೀಳುತ್ತೆ, ನಂಗೆ ಅವು ಸೋಮಾರಿತನ ಅನ್ಸುತ್ತೆ, ಇಡೀ ಊರು ಸಾಮಗ್ರಿ ಹೊತ್ಕೊಂಡು ನಿಂತಿರುವಾಗ ಅಡುಗೆಮನೆಗೆ ಯಾಕೆ ನುಗ್ಗಬೇಕು. ಜಾತಿ, ಬಣ್ಣ, ಉಗ್ಗು, ಕುಂಟು ಇವನ್ನೂ ಮುಟ್ಟಲ್ಲ, ಇದಕ್ಕೆ ದೊಡ್ಡ ಆದರ್ಶ ಏನೂ ಬೇಡ, ಓದುಗರಲ್ಲಿ ಅಂಥೋರು ಇರ್ತಾರೆ, ಎದುರಿಗೆ ಸಿಗ್ತಾರೆ, ಅಷ್ಟು ಸಾಕು.

ವ್ಯಂಗ್ಯಾನ ನಿಜ ಅಂತ ಓದೋರ ಬಗ್ಗೆ ಹೇಳ್ಲೇಬೇಕು. ರಸ್ತೆ ಗುಂಡಿ ಬಗ್ಗೆ ಒಂದ್ಸಲ ಬರೆದೆ, ಗುಂಡಿಗಳಿಗೆ ವಾರ್ಡುವಾರು ನಂಬರ್ ಪ್ಲೇಟ್ ಹಾಕ್ತಾರೆ, ಹತ್ತು ವರ್ಷ ಪೂರೈಸಿದ ಗುಂಡಿಗಳಿಗೆ ಸನ್ಮಾನ ಮಾಡ್ತಾರೆ, ದತ್ತು ತಗೊಳ್ಳೋ ಆಸಕ್ತರು ಅರ್ಜಿ ಹಾಕ್ಬಹುದು ಅಂತ. ಸೋಮವಾರ ಬೆಳಿಗ್ಗೆ ಒಬ್ರು ಆಫೀಸಿಗೆ ಬಂದು ಅರ್ಜಿ ಫಾರಂ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು. ತಮಾಷೆ ಮಾಡ್ತಿದ್ದಾರಾ ನಿಜವಾಗ್ಲೂ ಕೇಳ್ತಿದ್ದಾರಾ ಅಂತ ಇವತ್ತಿಗೂ ಗೊತ್ತಾಗಿಲ್ಲ, ಮುಖ ಬಹಳ ಗಂಭೀರವಾಗಿತ್ತು. ಇದು ನಮ್ಮೂರಿನ ಓದುಗರ ದಡ್ಡತನ ಅಂತ ನಗಬೇಡಿ. ನೆವಾಡಾದಲ್ಲಿ ವರ್ಜೀನಿಯಾ ಸಿಟಿ ಅನ್ನೋ ಗಣಿ ಊರಿನ ಟೆರಿಟೋರಿಯಲ್ ಎಂಟರ್‌ಪ್ರೈಸ್ ಪೇಪರಲ್ಲಿ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಅನ್ನೋ ರಿಪೋರ್ಟರ್ 1862ರ ಅಕ್ಟೋಬರಲ್ಲಿ ಕಲ್ಲಾಗಿಹೋದ ಮನುಷ್ಯ ಸಿಕ್ಕಿದ್ದಾನೆ ಅಂತ ಸುಳ್ಳು ಸುದ್ದಿ ಬರೆದ. ಆಗ ಕಲ್ಲಾದ ವಸ್ತು ಸಿಕ್ತು ಅನ್ನೋ ಸುದ್ದಿಗಳ ಹುಚ್ಚು ಜಾಸ್ತಿಯಾಗಿತ್ತು, ಅದನ್ನೂ ಜೊತೆಗೆ ಬೇರೆ ಊರಿನ ಒಬ್ಬ ಅಧಿಕಾರೀನೂ ಗೇಲಿ ಮಾಡೋದು ಉದ್ದೇಶ. ಆ ಕಲ್ಲುಮನುಷ್ಯನ ಹೆಬ್ಬೆರಳು ಎಲ್ಲಿದೆ, ಬೆರಳುಗಳು ಹೇಗೆ ಹರಡಿವೆ ಅಂತ ಅಲ್ಲಲ್ಲಿ ಚೆಲ್ಲಿ ಬರೆದಿದ್ದ, ಎಲ್ಲಾ ಜೋಡಿಸಿ ನೋಡಿದ್ರೆ ಅವನು ಮೂಗಿಗೆ ಹೆಬ್ಬೆರಳಿಟ್ಟು ಓದುಗರನ್ನ ಅಣಕಿಸ್ತಾ ಕೂತಿದ್ದಾನೆ ಅಂತ ಗೊತ್ತಾಗ್ಬೇಕು. ಯಾರೂ ಜೋಡಿಸ್ಲಿಲ್ಲ, ಬೇರೆ ಊರಿನ ಪೇಪರುಗಳು ನಿಜ ಸುದ್ದಿ ಅಂತ ಎತ್ತಿ ಹಾಕಿದ್ವು. ಮುಂದಿನ ವರ್ಷ ಅದೇ ಪೇಪರಲ್ಲಿ ಅವನು ಮಾರ್ಕ್ ಟ್ವೇನ್ ಅಂತ ಹೆಸರಿಟ್ಕೊಂಡ. ನಾನಿಟ್ಕೊಂಡಿರೋ ಪದ್ಧತಿ ಏನಂದ್ರೆ ಸುಳಿವನ್ನ ಚೆಲ್ಲಾಡೋದಿಲ್ಲ, ಎರಡನೇ ಸಾಲಲ್ಲೇ ಚಿಕ್ಕಮ್ಮನ್ನ ಕರ್ಕೊಂಡು ಬರ್ತೀನಿ, ಚಿಕ್ಕಮ್ಮ ಬಂದ್ರು ಅಂದ್ರೆ ಇದು ಸುದ್ದಿ ಅಲ್ಲ ಅಂತ ಜನಕ್ಕೆ ಅಭ್ಯಾಸ ಆಗಿದೆ.

ಕಾನೂನಿನ ವಿಷಯಕ್ಕೆ ಬರೋಣ, ಇದನ್ನ ಹಾಸ್ಯ ಬರೆಯೋ ಹುಡುಗ್ರು ಓದಿರೋದೇ ಇಲ್ಲ. ಮಾನಹಾನಿ ಮೊದಲು ಐಪಿಸಿ, ಅಂದ್ರೆ ಹಳೇ ಭಾರತೀಯ ದಂಡ ಸಂಹಿತೆಯ 499, 500ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆ 356ನೇ ಸೆಕ್ಷನ್ನು. ಹೊಸ ಸಂಹಿತೆ ಜಾರಿಗೆ ಬಂದಿದ್ದು 2024ರ ಜುಲೈ 1ಕ್ಕೆ, ಅಂದ್ರೆ ಕರೆಕ್ಟಾಗಿ ನಮ್ಮ ಕನ್ನಡ ಪತ್ರಿಕಾ ದಿನಾಚರಣೆಯ ದಿನ, ಇದನ್ನ ನಾನು ಕಲ್ಪಿಸಿ ಬರೆದಿದ್ರೆ ಅತಿಯಾಯ್ತು ಅಂತಿದ್ರು. ಈ ಸೆಕ್ಷನ್ನಿನ ವಿವರಣೇಲಿ ನಮ್ಮಂಥೋರಿಗೇ ಅಂತ ಬರೆದ ಹಾಗೆ ಒಂದು ಮಾತಿದೆ, ಆರೋಪಾನ ವ್ಯಂಗ್ಯವಾಗಿ ಹೇಳಿದ್ರೂ ಅದು ಮಾನಹಾನಿ ಆಗಬಹುದು ಅಂತ. ಸಾರ್ ನಾನು ತಮಾಷೆಗೆ ಅಂದೆ ಅನ್ನೋದು ರಕ್ಷಣೆ ಅಲ್ಲ. ಸತ್ತವರ ಬಗ್ಗೆ ಬರೆದ್ರೂ ಮನೆಯವರ ಮನಸ್ಸು ನೋಯಿಸೋ ಉದ್ದೇಶ ಇದ್ರೆ ಕೇಸಾಗಬಹುದು, ಸಂಘ ಸಂಸ್ಥೆಗಳ ಬಗ್ಗೆ ಬರೆದ್ರೂ ಆಗಬಹುದು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ, ಈಗ ಹೊಸದಾಗಿ ಸಮುದಾಯ ಸೇವೇನೂ ಸೇರಿದೆ, ಅದಕ್ಕೆ ನಮ್ಮ ಸಂಪಾದಕರು, ಈ ಸಂಬಳದಲ್ಲಿ ನೀವು ಮಾಡ್ತಿರೋದು ಅದೇ ಅಲ್ವೇನ್ರೀ ಅಂದ್ರು. ಆದ್ರೆ ವಿನಾಯಿತಿಗಳೂ ಇವೆ, ಸರ್ಕಾರಿ ಅಧಿಕಾರಿ ತನ್ನ ಕೆಲಸದಲ್ಲಿ ಹೇಗೆ ನಡ್ಕೊಂಡ ಅನ್ನೋದರ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳಬಹುದು. ಅದಕ್ಕೇ ನಾನು ಕಚೇರಿ ಬಾಗಿಲವರೆಗೆ ಹೋಗ್ತೀನಿ, ಮನೆ ಬಾಗಿಲಿಗೆ ಹೋಗಲ್ಲ. ಫೈಲ್ ಎಷ್ಟು ದಿನ ಮಲಗಿತ್ತು ಅಂತ ಬರೀತೀನಿ, ಸಾಹೇಬ್ರು ಎಲ್ಲಿ ಮಲಗಿದ್ರು ಅಂತ ಬರೆಯಲ್ಲ.

ಕೋರ್ಟಿಗಿಂತ ಜಾಸ್ತಿ ತೊಂದರೆ ಕೊಡೋದು ಜಾಹೀರಾತು. ನಮ್ಮಂಥ ಪೇಪರ್ ಬದುಕೋದು ಮುಖಂಡರ ಹುಟ್ಟುಹಬ್ಬದ ಶುಭಾಶಯ, ರಾಜ್ಯೋತ್ಸವ, ದೀಪಾವಳಿ ವಿಶೇಷಾಂಕ, ವಾರ್ತಾ ಇಲಾಖೆಯ ಜಾಹೀರಾತು ಇವುಗಳ ಮೇಲೆ. ನಾನು ಭಾನುವಾರ ಫ್ಲೆಕ್ಸ್ ಹಾವಳಿ ಬಗ್ಗೆ ಬರೆದಿರ್ತೀನಿ, ಮೇಲ್ಗಡೆ ಅರ್ಧ ಪುಟದಲ್ಲಿ ಅದೇ ಮುಖಂಡರು ಕೈ ಮುಗ್ಕೊಂಡು ನಿಂತಿರ್ತಾರೆ, ಕೆಳಗೆ ಅಭಿಮಾನಿ ಬಳಗದ ಪಾಸ್‌ಪೋರ್ಟ್ ಸೈಜ್ ಮುಖಗಳು. ಜನ ಅದನ್ನೇ ನನ್ನ ಕಾಲಮ್ಮಿಗೆ ಹಾಕಿರೋ ಚಿತ್ರ ಅಂದ್ಕೊಂಡಿದ್ದೂ ಉಂಟು. ಸಂಪಾದಕರು ಕಾಲಂ ತೆಗೀರಿ ಅಂತ ಯಾವತ್ತೂ ಹೇಳಿಲ್ಲ, ಈ ವಾರ ಮಳೆ ಬಗ್ಗೆ ಬರೀಬಹುದಲ್ಲ ಅಂತಾರೆ. ಮಳೆ ಜಾಹೀರಾತು ಕೊಡಲ್ಲ ನೋಡಿ.

ಬರೆಯೋ ಕೆಲಸ ನಾನು ಮಾಡೋದು ಹೀಗೆ. ವಾರ ಪೂರ್ತಿ ಜೇಬಲ್ಲಿರೋ ಚೀಟಿಗಳ ಮೇಲೆ ಒಂದೊಂದು ಸಾಲು, ಬಸ್ಸಲ್ಲಿ ಕೇಳಿದ್ದು, ಮೀಟಿಂಗಲ್ಲಿ ಯಾರೋ ಅಂದಿದ್ದು. ಗುರುವಾರ ರಾತ್ರಿ ಎಲ್ಲಾ ಹರಡ್ಕೊಂಡು ಕೂರ್ತೀನಿ, ಹತ್ತರಲ್ಲಿ ಎಂಟು ಸಾಲು ಬರೆದಾಗ ಇದ್ದ ನಗು ಹೋಗಿರುತ್ತೆ, ಉಳಿದ ಎರಡರಲ್ಲಿ ಒಂದನ್ನ ಹಿಡ್ಕೊಂಡು ನಾನೂರು ಪದ. ನಾನೂರಕ್ಕಿಂತ ಜಾಸ್ತಿ ಹೋದ್ರೆ ಜಾಗ ಇಲ್ಲ, ಕಂಪ್ಯೂಟರಲ್ಲಿ ಪೇಜ್ ಮಾಡೋ ಆಪರೇಟರ್ ಕೊನೇ ಪ್ಯಾರಾ ಕತ್ತರಿಸ್ತಾನೆ, ಹಾಸ್ಯದ ಕಾಲಮ್ಮಲ್ಲಿ ಕೊನೇ ಪ್ಯಾರಾ ಹೋದ್ರೆ ಉಳಿಯೋದು ಸಂಪಾದಕೀಯ. ಆದ್ರಿಂದ ಕತ್ತರಿಸೋಕೆ ಅಂತಲೇ ನಡುವೆ ಒಂದು ಪ್ಯಾರಾ ಬರೆದಿಟ್ಟು ಪೆನ್ಸಿಲಲ್ಲಿ ಗುರುತು ಹಾಕಿರ್ತೀನಿ, ಬೇಕಾದ್ರೆ ಇದನ್ನ ತೆಗಿ ಅಂತ. ಬರೆದ ಮೇಲೆ ಪೇಜ್ ಮಾಡೋ ಹುಡುಗನಿಗೆ ಜೋರಾಗಿ ಓದಿ ಹೇಳ್ತೀನಿ. ಅವನು ನಗೋದನ್ನ ನಾನು ಲೆಕ್ಕಕ್ಕೆ ತಗೊಳಲ್ಲ, ನನ್ನ ಮುಖ ನೋಡ್ಕೊಂಡು ನಗ್ತಾನೆ. ಎಲ್ಲಿ ಅವನ ಕೈ ಮೌಸಿನ ಮೇಲೆ ಹೋಗುತ್ತೆ ಅಂತ ನೋಡ್ತೀನಿ, ಅಲ್ಲಿ ಬೇಜಾರಾಗಿದೆ ಅಂತ ಅರ್ಥ, ಆ ಜಾಗ ತಿದ್ದಬೇಕು.

ನಾನು ಸೇರೋ ಹೊತ್ತಿಗೆ ಅಚ್ಚು ಹಾಕೋ ಹಳೇ ಟ್ರೆಡಲ್ ಮೆಷಿನ್ನು ಮೂಲೇಲಿ ಧೂಳು ಹಿಡೀತಿತ್ತು, ಅಚ್ಚಿನ ಮೊಳೆ ಜೋಡಿಸೋ ಹಿರಿಯರೊಬ್ರು ಮಾತ್ರ ಇನ್ನೂ ಬರ್ತಿದ್ರು, ಮದುವೆ ಕಾರ್ಡು, ಬಿಲ್ ಪುಸ್ತಕದ ಕೆಲಸಕ್ಕೆ. ಅವರು ನನ್ನ ಮೊದಮೊದಲ ಬರಹಗಳನ್ನ ಓದಿ, ಅಷ್ಟೊಂದು ಆಶ್ಚರ್ಯಸೂಚಕ ಚಿಹ್ನೆ ನಮ್ಮ ಮೊಳೆ ಇಡೋ ಕೇಸಲ್ಲೇ ಇರ್ತಿರ್ಲಿಲ್ಲಪ್ಪ ಅಂದಿದ್ರು. ಅವತ್ತಿಂದ ಒಂದು ಕಾಲಮ್ಮಿಗೆ ಒಂದೇ ಚಿಹ್ನೆ, ಅದೂ ಬೇಡವಾದ್ರೆ ಇನ್ನೂ ಒಳ್ಳೇದು. ಈಗಿನ ತಾಪತ್ರಯ ಬೇರೆ. ಆಪರೇಟರ್ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋದನ್ನ ಮೊಬೈಲಿಗೆ ಅರ್ಥ ಆಗೋ ಯೂನಿಕೋಡಿಗೆ ಪರಿವರ್ತಿಸದೇ ಮೊಬೈಲಿಗೆ ಹಾಕಿದ್ರೆ ಬರೀ ಚಿತ್ರವಿಚಿತ್ರ ಅಕ್ಷರ. ಅದಕ್ಕಿಂತ ಭಯ ಒಳ್ಳೇ ಉದ್ದೇಶದ ತಿದ್ದುಪಡಿಗಳದ್ದು, ನಾನು ಬೇಕಂತಲೇ ಗುಂಡ್ಯುತ್ಸವ ಅಂತ ಬರೆದಿದ್ದನ್ನ ಹುಡುಗ ಗಣೇಶೋತ್ಸವ ಅಂತ ಸರಿಮಾಡಿದ್ದ, ಪ್ರೂಫಲ್ಲಿ ಕಣ್ಣಿಗೆ ಬಿತ್ತು, ಇಲ್ದಿದ್ರೆ ಗಣೇಶೋತ್ಸವದಿಂದ ವಾಹನ ಸವಾರರ ಸೊಂಟ ಮುರಿಯುತ್ತಿದೆ ಅಂತ ಅಚ್ಚಾಗಿ ಸೋಮವಾರ ಆಫೀಸಿನ ಮುಂದೆ ಜನ ಸೇರ್ತಿದ್ರು. ಈಗ ಅಂಥ ಪದದ ಪಕ್ಕ ಹೀಗೇ ಇರಲಿ ಅಂತ ಕೆಂಪು ಇಂಕಲ್ಲಿ ಬರೀತೀನಿ, ಒಂದ್ಸಲ ಹೀಗೇ ಇರಲಿ ಅನ್ನೋದೂ ಸೇರಿ ಟೈಪಾಗಿತ್ತು.

ಭಾಷಣಕ್ಕೂ ಕರೀತಾರೆ. ಹಾಸ್ಯ ಬರೆಯೋನು ಮಾತಾಡ್ತಾನೆ ಅಂತ ಜನಕ್ಕೆ ನಂಬಿಕೆ, ನಾನು ಮಾತಾಡೋಕೆ ನಿಂತ್ರೆ ಆ ನಂಬಿಕೆ ಹೋಗುತ್ತೆ. ಜುಲೈ 1ರ ಪತ್ರಿಕಾ ದಿನದ ಸಭೆ ತಪ್ಪಿಸ್ಕೊಳ್ಳೋಕಾಗಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ್ರು, ಅದರಿಂದ ಪ್ರತಿಯೊಬ್ಬ ಭಾಷಣಕಾರರೂ ಅಲ್ಲಿಂದಲೇ ಶುರು ಮಾಡ್ತಾರೆ, ಕೊನೆಯಲ್ಲಿ ನನ್ನ ಸರದಿ ಬರೋವಷ್ಟರಲ್ಲಿ ಆ ಪೇಪರ್ ಆರು ಸಲ ಶುರುವಾಗಿರುತ್ತೆ, ಊಟದ ಹಾಲ್ ಬಾಗಿಲೂ ತೆಗೆದಿರುತ್ತೆ. ಗೌರವಧನದ ಬಗ್ಗೆ ಕೇಳ್ಬೇಡಿ, ಶಾಲು ಬೇಕಾದ್ರೆ ಹೇಳಿ, ಮನೇಲಿ ತುಂಬಾ ಇವೆ.

ಇತ್ತೀಚಿಗೆ ವಾಟ್ಸಾಪು. ನನ್ನ ಕಾಲಂ ಭಾನುವಾರ ಬೆಳಿಗ್ಗೆ ಹೊರಟು ಹೆಸರು ಕಳ್ಕೊಂಡು, ಮೇಷ್ಟ್ರು ಹೋಗಿ ಗುಂಡ ಬಂದು, ಸಂಜೆ ಹೊತ್ತಿಗೆ ನಮ್ಮ ಭಾವನ ಮೂಲಕ ನನಗೇ ವಾಪಸ್ ಬರುತ್ತೆ, ಕೆಳಗೆ ಇಂಥದ್ದು ನೀನು ಯಾವಾಗ ಬರೀತೀಯೋ ಅಂತ. ಮೊದಲು ಸಿಟ್ಟು ಬರ್ತಿತ್ತು, ಈಗ ಅದನ್ನ ಪ್ರೂಫ್ ಅಂತ ಓದ್ತೀನಿ, ಕಳಿಸಿದೋರು ಯಾವ ಸಾಲು ಬಿಟ್ಟಿದ್ದಾರೆ ಅಂತ ನೋಡ್ತೀನಿ, ಬಿಟ್ಟಿರೋದು ಸಾಮಾನ್ಯವಾಗಿ ಬಿಡಬೇಕಾದ ಸಾಲೇ ಆಗಿರುತ್ತೆ. ಬಿಟ್ಟಿ ಎಡಿಟರು.

ಹೊಸದಾಗಿ ಬರೆಯೋರಿಗೆ ನಾನು ಹೇಳೋ ಇನ್ನೊಂದು ಕೆಲಸದ ಮಾತು ಅಂದ್ರೆ ಯಾವಾಗಲೂ ಡ್ರಾಯರಲ್ಲಿ ಮೂರ್ನಾಲ್ಕು ಕಾಲಂ ರೆಡಿ ಇಟ್ಕೊಳ್ಳಿ, ಜ್ವರ ಬಂದಾಗ, ಮನೇಲಿ ಸಾವಾದಾಗ, ನಗು ಬರದೇ ಇರೋ ವಾರಗಳಲ್ಲಿ ಬೇಕಾಗುತ್ತೆ, ಊರಲ್ಲಿ ದೊಡ್ಡ ಅಪಘಾತ ಆದ ವಾರ ಮಾತ್ರ ಅವನ್ನೂ ಕೊಡ್ಬೇಡಿ, ಕಾಲಮ್ಮೇ ನಿಲ್ಲಿಸಿ ಅಂತ ನೀವೇ ಹೋಗಿ ಹೇಳಿ. ನನ್ನ ಡ್ರಾಯರಲ್ಲಿ ಈಗ ಬಸ್ ಸ್ಟ್ಯಾಂಡ್ ವಿಚಾರಣಾ ಕೌಂಟರಿಂದು ಒಂದಿದೆ, ಬೀದಿನಾಯಿಗಳ ವಾರ್ಷಿಕ ಮಹಾಸಭೆ ಒಂದು, ಗುಂಡಿಗಳದ್ದು ಇನ್ನೊಂದು. ಮೊದಲೆರಡನ್ನ ಆರು ತಿಂಗಳಿಗೊಮ್ಮೆ ತೆಗೆದು ತಿದ್ದಬೇಕು. ಗುಂಡೀದನ್ನ ಹಾಗೇ ಇಟ್ಟಿದ್ದೀನಿ, ವಾರ್ಡ್ ನಂಬರ್ ಕೂಡ ಬದಲಾಯ್ಸಿಲ್ಲ.